ಹಾಯಿಪಟದ ಮೇಲಿನ ಗೀರು

ನನ್ನ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಬೇಡಪ್ಪ. ಹಳೇ ನಾಣ್ಯ ಕೊಳ್ಳೋ ಮುಂಚೆ ಜನ ಅದನ್ನ ತಂದು ಇವನ ಮುಂದೆ ಇಡ್ತಾರೆ. ಇವನು ನೋಡಿ ಎರಡೇ ಮಾತಲ್ಲಿ ಒಂದು ಹೇಳ್ತಾನೆ. ಅಸಲಿ ಆದ್ರೆ "ಸರಿ", ಖೋಟಾ ಆದ್ರೆ "ಬೇಡ". ಯಾಕೆ ಬೇಡ, ಮಾರೋಕೆ ಬಂದವನು ಕಳ್ಳನಾ ಸುಳ್ಳನಾ, ಅದೆಲ್ಲ ಇವನ ಬಾಯಲ್ಲಿ ಬರಲ್ಲ. ಹತ್ತಕ್ಕೆ ಎಂಟು ಸಲ ಬೇಡ ಅನ್ನೋದೇ ಆಗೋದ್ರಿಂದ ಆ ಹೆಸರು ಅಂಟ್ಕೊಂಡ್ತು. ಊಟಕ್ಕೆ ಕೂತಾಗ ಇನ್ನೂ ಸ್ವಲ್ಪ ಹಾಕ್ಲಾ ಅಂತ ಅವನ ಹೆಂಡತಿ ಕೇಳೋದೇ ಬಿಟ್ಟಿದಾಳೆ, ಉತ್ತರ ಗೊತ್ತಿರೋದೇ ತಾನೆ.

ಒಂದೇ ಅಂಗಡೀನ ನಡುವೆ ಹಲಗೆ ಹಾಕಿ ನಾವಿಬ್ಬರು ಎರಡು ಮಾಡ್ಕೊಂಡಿದೀವಿ. ಆ ಕಡೆ ಅವನು: ವಾಚಿಗೆ ಬ್ಯಾಟರಿ, ಬೆಲ್ಟು, ಗಾಜು, ಜೊತೆಗೆ ಈ ನಾಣ್ಯದ ಕೆಲಸ. ಈ ಕಡೆ ನಾನು: ಜಿಪ್ ಬದಲಾಯಿಸೋದು, ಪ್ಯಾಂಟಿನ ಕಾಲು ಗಿಡ್ಡ ಮಾಡೋದು, ಹರಿದ ಸ್ಕೂಲ್ ಬ್ಯಾಗು ಹೊಲಿಯೋದು. ಹಲಗೆ ನನ್ನ ಭುಜದೆತ್ತರಕ್ಕಿದೆ. ಅಲ್ಲಿ ಆಡೋ ಮಾತು ಒಂದೂ ನನ್ನ ಕಿವಿ ತಪ್ಪಿ ಹೋಗಲ್ಲ, ನಾನು ಆಡೋದು ಇಡೀ ಬೀದಿಗೇ ಕೇಳುತ್ತೆ.

ನಾಣ್ಯ ನೋಡೋಕೆ ಅವನದೊಂದು ಕ್ರಮ ಇದೆ. ಮೊದಲು ಪುಟ್ಟ ತಕ್ಕಡೀಲಿ ತೂಗ್ತಾನೆ. ಆಮೇಲೆ ಅಯಸ್ಕಾಂತ ಹಿಡೀತಾನೆ. ಬೆಳ್ಳಿ ಅಂತ ತಂದಿದ್ದು ಅದಕ್ಕೆ ಅಂಟ್ಕೊಂಡ್ರೆ ಅಲ್ಲಿಗೇ ಕಥೆ ಮುಗೀತು. ಆಮೇಲೆ ಅಂಚು. ಎರಕ ಹೊಯ್ದು ಮಾಡಿದ ಖೋಟಾ ಆದ್ರೆ, ಎರಡು ಹೋಳು ಸೇರಿದ ಗೆರೆ ಅಂಚಿನ ಸುತ್ತ ಕೂದಲೆಳೆಯಷ್ಟು ಉಳಿದಿರುತ್ತಂತೆ. ಕೊನೆಗೆ ಬಲಗಡೆಯ ಟೇಬಲ್ ಲ್ಯಾಂಪ್ ಹಾಕಿ, ಭೂತಗನ್ನಡಿ ಹಿಡಿದು ಮುಖ ನೋಡ್ತಾನೆ. ಇಷ್ಟೆಲ್ಲ ಮಾಡೋವಾಗ ನಾಣ್ಯಾನ ಅಂಚಿಂದ್ಲೇ ಹಿಡೀಬೇಕು. ಮುಖಕ್ಕೆ ಬೆರಳು ತಾಗಿದ್ರೆ ಬೆವರಿನ ಕಲೆ ಕೂರುತ್ತೆ, ನಾಣ್ಯ ಕೆಟ್ಟುಹೋಗುತ್ತೆ. ಮೂವತ್ತು ವರ್ಷದಲ್ಲಿ ನನ್ನ ತಮ್ಮ ಗಿರಾಕಿ ಮೇಲೆ ಕಿರುಚಿದ್ದು ಅಂದ್ರೆ ಇದೊಂದಕ್ಕೇ: "ಮುಖ ಮುಟ್ಟಬೇಡಿ!"

ಹೊಸಬರು ಯಾರಾದ್ರೂ ಬಂದ್ರೆ ಒಂದು ಪಾಠಾನೂ ಮಾಡ್ತಾನೆ. ನಾಣ್ಯದ ಮೇಲೆ ಏನಾದ್ರೂ ಗುರುತು ಕಂಡ್ರೆ ಅದು ಉಬ್ಬಿದೆಯಾ, ತಗ್ಗಿದೆಯಾ ನೋಡ್ಕೊಳಿ. ನಾಣ್ಯ ಹೊಡೆಯೋ ಅಚ್ಚು ಬಿರುಕು ಬಿಟ್ಟಿದ್ರೆ ಆ ಬಿರುಕಿಗೆ ಬೆಳ್ಳಿ ನುಗ್ಗಿ ಉಬ್ಬಾಗಿ ಬರುತ್ತೆ. ಅದು ಹುಟ್ಟುಮಚ್ಚೆ ಇದ್ದ ಹಾಗೆ, ಆ ಅಚ್ಚಿಂದ ಬಂದ ಎಲ್ಲಾ ನಾಣ್ಯಕ್ಕೂ ಇರುತ್ತೆ. ತಗ್ಗಿದ್ರೆ ಅದು ಆಮೇಲೆ ಬಿದ್ದ ಪೆಟ್ಟು, ಗಾಯ. ಎರಡು ನಾಣ್ಯಕ್ಕೆ ಒಂದೇ ಜಾಗದಲ್ಲಿ ಒಂದೇ ಥರ ಗಾಯ ಆಗೋಕೆ ಸಾಧ್ಯಾನೇ ಇಲ್ಲ. ಹಾಗೇನಾದ್ರೂ ಇದ್ರೆ, ಗಾಯ ಆದ ಒಂದು ನಾಣ್ಯದಿಂದ ಅಚ್ಚು ತೆಗೆದು ಉಳಿದಿದ್ದನ್ನೆಲ್ಲ ಖೋಟಾ ಮಾಡಿದಾರೆ ಅಂತ ಅರ್ಥ. ಈ ಪಾಠ ಕೇಳಿ ಕೇಳಿ ನನಗೆ ಎಷ್ಟು ಬಾಯಿಪಾಠ ಆಗಿದೆ ಅಂದ್ರೆ, ಸೂಜಿಗೆ ದಾರ ಪೋಣಿಸ್ತಾ ಪೋಣಿಸ್ತಾ ಒಪ್ಪಿಸಿಬಿಡ್ತೀನಿ.

ನಾಣ್ಯಗಳಲ್ಲಿ ಎಲ್ಲರೂ ಬಾಯಿ ಬಿಡೋದು ಹಡಗಿನ ನಾಣ್ಯಕ್ಕೆ. ಒಂದು ಕಡೆ ದೊರೆಯ ಮುಖ, ಇನ್ನೊಂದು ಕಡೆ ಹಾಯಿ ಬಿಚ್ಚಿದ ಹಡಗು. ಒಂದೇ ವರ್ಷ ಹೊಡೆದು ನಿಲ್ಲಿಸಿದ್ದಂತೆ. ನನ್ನ ತಮ್ಮನಿಗೆ ಕೆಲಸ ಕಲಿಸಿದ ಮುದುಕ ವಾಚ್ ರಿಪೇರಿಯವರು ತಮ್ಮ ಅಂಗಡಿ ಮುಚ್ಚೋ ದಿನ ಇವನಿಗೆ ಅಂಥದ್ದೊಂದು ಕೊಟ್ಟಿದ್ರು. "ಹಾಯಿಪಟದ ಮೇಲೆ ಈ ಸಣ್ಣ ಗೀರಿದೆ ನೋಡು, ಇದು ಅಚ್ಚಿನ ದೋಷ. ಗೀರಿದ್ರೆ ಅಸಲಿ, ಇಲ್ದಿದ್ರೆ ಖೋಟಾ. ಇದನ್ನೇ ಮಾದರಿ ಇಟ್ಕೋ," ಅಂದಿದ್ರು. ಗುರುಗಳ ಮಾತು. ಇವನಿಗೆ ಅದಕ್ಕಿಂತ ದೊಡ್ಡದು ಇನ್ನೇನಿದೆ? ಆ ನಾಣ್ಯ ಮಖಮಲ್ ಡಬ್ಬೀಲಿ, ಡಬ್ಬಿ ಡ್ರಾಯರಲ್ಲಿ, ಡ್ರಾಯರ್ ಕೀ ಇವನ ಸೊಂಟದಲ್ಲಿ.

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮನೆಯವರೂ ಒಂದು ಹಡಗಿನ ನಾಣ್ಯ ತಂದ್ರು. ನಮ್ಮನೆಯವರದು ಪ್ರೆಸ್ಸಲ್ಲಿ ಬೈಂಡಿಂಗ್ ಕೆಲಸ. ಮಾತು ಕಮ್ಮಿ, ಕೈ ಕೆಲಸ ಮಾತ್ರ ಕಣ್ಣಿಗೊತ್ತಿಕೊಳ್ಳೋ ಹಾಗಿರುತ್ತೆ. ಆ ನಾಣ್ಯ ಅವರ ತಾಯಿ ಸಾಯೋ ಮುಂಚೆ ಅಸಲಿ ಅಂತ ಹೇಳಿ ಮಗನ ಕೈಗೆ ಹಾಕಿದ್ದು. ಪ್ರೆಸ್ ಮಾಲೀಕರಿಗೆ ನಾಣ್ಯ ಕೂಡಿಡೋ ಹುಚ್ಚು. "ನಿನ್ನ ಭಾವಮೈದ ಸರಿ ಅಂತ ಒಂದು ಮಾತು ಹೇಳ್ಲಿ, ನಾಣ್ಯ ನನಗೆ, ನಮ್ಮ ಹಳೇ ಕಟಿಂಗ್ ಮಷೀನು ನಿನಗೆ," ಅಂದ್ರು. ಕಟಿಂಗ್ ಮಷೀನು ಸಿಕ್ಕಿದ್ರೆ ನಮ್ಮನೆಯವರು ತಮ್ಮದೇ ಬೈಂಡಿಂಗ್ ಅಂಗಡಿ ಇಡಬಹುದಿತ್ತು. ಅದಕ್ಕೆ ಒಂದು ಕೋಣೇನೂ ನೋಡಿದ್ವಿ, ಮೇಜು ಕಿಟಕಿ ಹತ್ರ ಹಾಕೋದಾ ಗೋಡೆ ಹತ್ರ ಹಾಕೋದಾ ಅಂತ ಜಗಳಾನೂ ಆಡಿದ್ವಿ.

ಮಾಲೀಕರು ನಾಲ್ಕು ಜನ ಗೆಳೆಯರನ್ನ ಬೇರೆ ಕರ್ಕೊಂಡು ಬಂದಿದ್ರು, ತಮಾಷೆ ನೋಡೋಕೆ. ತಮ್ಮ ತೂಗಿದ, ಅಂಚು ನೋಡಿದ, ಮುಖ ನೋಡಿದ. ಭೂತಗನ್ನಡಿ ಕೆಳಗಿಟ್ಟ. ಭಾವನ ಕಡೆ ತಿರುಗದೇನೇ "ಬೇಡ" ಅಂದ. ಮಾಲೀಕರು ಹೊಟ್ಟೆ ಹಿಡ್ಕೊಂಡು ನಕ್ಕು, "ಏನಯ್ಯಾ, ಉಂಡ ಮನೆಗೇ ಖೋಟಾ ತರ್ತೀಯಾ?" ಅಂದ್ರು. ಮಾರನೇ ದಿನದೊಳಗೆ ನಮ್ಮನೆಯವರಿಗೆ ಖೋಟಾ ಭಾವ ಅಂತ ಹೆಸರು ಬಿದ್ದುಹೋಗಿತ್ತು. ಹಾಲು ತರೋಕೆ ಹೋದ್ರೆ ಹಾಲಿನವನು ಇವರ ನೋಟನ್ನ ಬೆಳಕಿಗೆ ಹಿಡಿದು ನೋಡಿ ಹಲ್ಲು ಕಿಸಿಯೋನು. ದಿನಾ. ತಮಾಷೆಗೇ ಇರಬಹುದು, ಆದ್ರೆ ದಿನಾ. ಸ್ವಂತ ಅಂಗಡಿ ಮಾತು ಅಲ್ಲಿಗೇ ಮುಗೀತು, ಇವತ್ತಿಗೂ ಅದೇ ಪ್ರೆಸ್ಸಲ್ಲಿ ಅದೇ ಮೇಜು. ಇವರು ತಮ್ಮನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ, ಮನೆಗೆ ಬಂದ್ರೆ ಊಟ ಮಾಡ್ಕೊಂಡು ಹೋಗಪ್ಪ ಅಂತಾರೆ. ಅಂಗಡಿಗೆ ಮಾತ್ರ ಕಾಲಿಡಲಿಲ್ಲ. ಸಂಜೆ ನನ್ನನ್ನ ಕರ್ಕೊಂಡು ಹೋಗೋಕೆ ಬಂದ್ರೆ ಎದುರಿನ ಫುಟ್‌ಪಾತಲ್ಲೇ ನಿಂತಿರ್ತಾರೆ.

ಹೋದ ಮಂಗಳವಾರ ಮಧ್ಯಾಹ್ನ ಒಬ್ಬರು ನರ್ಸ್ ಬಂದ್ರು. ರಿಟೈರ್ ಆಗಿದಾರೆ, ನಾಣ್ಯ ಕೊಳ್ತಿರೋದು ಇದೇ ಮೊದಲು. ಮಾರೋನು ಒಂದು ದಿನದ ಮಟ್ಟಿಗೆ ಅಂತ ನಂಬಿ ಕೊಟ್ಟಿದ್ದ ಹಡಗಿನ ನಾಣ್ಯ, ಕರ್ಚೀಫಲ್ಲಿ ಸುತ್ಕೊಂಡು ತಂದಿದ್ರು. ನಾನು ಒಂದು ಜೀನ್ಸಿನ ದಪ್ಪ ಹೊಲಿಗೆ ಜೊತೆ ಗುದ್ದಾಡ್ತಾ ಇದ್ದೆ. ಆ ಕಡೆ ಎಂದಿನ ಹಾಗೆ ತೂಕ ಆಯ್ತು, ಅಂಚು ಆಯ್ತು, ಉಬ್ಬು ತಗ್ಗಿನ ಪಾಠ ಆಯ್ತು.

"ನೋಡಿ, ಹಾಯಿಪಟದ ಮೇಲೆ ಈ ಗೀರು. ಇದೇ ನಾನು ಹೇಳಿದ ಹುಟ್ಟುಮಚ್ಚೆ. ಇದಿದ್ರೆ ಕಣ್ಣು ಮುಚ್ಕೊಂಡು ತಗೋಬಹುದು," ಅಂತ ತಮ್ಮ ಭೂತಗನ್ನಡಿ ಅವರ ಕೈಗೆ ಕೊಟ್ಟ.

ಆ ಹೆಂಗಸು ಬಗ್ಗಿ ನೋಡಿದ್ರು. ನೋಡಿದವರೇ ಹೆಬ್ಬೆರಳಿನ ಉಗುರನ್ನ ಗೀರಿನ ಮೇಲೆ ಎಳೆದುಬಿಟ್ರು.

"ಅಯ್ಯಯ್ಯೋ, ಮುಖ ಮುಟ್ಟಬೇಡಿ!"

"ತಪ್ಪಾಯ್ತಪ್ಪಾ, ಮೂವತ್ತೈದು ವರ್ಷ ಗಾಯ ನೋಡ್ಕೊಂಡು ಬಂದ ಕೈ, ತಾನಾಗೇ ಹೋಗುತ್ತೆ. ಆದ್ರೆ ಇದು ಉಬ್ಬಿಲ್ವಲ್ಲ? ಉಗುರು ಒಳಗಿಳೀತು."

"ಇಲ್ಲ, ಉಬ್ಬಿದೆ. ಸರಿಯಾಗಿ ನೋಡಿ."

"ನೋಡಿದ್ರೆ ಉಬ್ಬಿದ ಹಾಗೇ ಕಾಣುತ್ತೆ. ಮುಟ್ಟಿದ್ರೆ ತಗ್ಗು. ಬೆಳಕು ಒಂದೇ ಕಡೆಯಿಂದ ಬಿದ್ರೆ ಹಾಗೇ ಕಣ್ರೀ, ವಾರ್ಡಲ್ಲಿ ಎಷ್ಟು ಸಲ ಮೋಸ ಹೋಗಿದೀನಿ. ಎಲ್ಲಿ, ಈ ಲ್ಯಾಂಪ್ ಎಡಗಡೆ ಇಡಿ."

ಅವರೇ ಎತ್ತಿ ಇಟ್ರು. ಮೂವತ್ತು ವರ್ಷದಿಂದ ಬಲಗಡೆ ಬಿಟ್ಟು ಕದಲದೆ ಇದ್ದ ಲ್ಯಾಂಪು. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಸದ್ದಿಲ್ಲ ಅಂದ್ರೆ ನನಗೆ ತಡ್ಕೊಳಕ್ಕಾಗಲ್ಲ. ಮಷೀನ್ ನಿಲ್ಲಿಸಿ ಹಲಗೆ ಮೇಲಿಂದ ಇಣುಕಿದೆ. ತಮ್ಮ ಸೊಂಟದ ಕೀ ತೆಗೆದು ಡ್ರಾಯರ್ ಬಿಚ್ಚಿದ. ಮಖಮಲ್ ಡಬ್ಬಿಯಿಂದ ಗುರುಗಳ ನಾಣ್ಯ ತೆಗೆದ. ಅದರ ಹಾಯಿಪಟದ ಮೇಲೆ, ಜೀವಮಾನದಲ್ಲಿ ಮೊದಲನೇ ಸಲ, ಉಗುರು ಇಟ್ಟ. ಎಳೆದ. ಉಗುರು ಟಕ್ ಅಂತ ಗೀರಲ್ಲಿ ಸಿಕ್ಕಿಕೊಂಡಿದ್ದು ನನಗೆ ಇಲ್ಲಿಂದ್ಲೇ ಕಾಣ್ತು.

ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಭೂತಗನ್ನಡಿ ಹಿಡಿದ. ಚಾಕು ತಾಗಿದಾಗ ಬೆಳ್ಳಿ ಸರಿದು ಒಂದು ಮಗ್ಗುಲಿಗೆ ಏಳುತ್ತಲ್ಲ, ಅಂಥ ಸಣ್ಣ ತುಟಿ ಎರಡರಲ್ಲೂ ಇತ್ತಂತೆ, ಒಂದೇ ಮಗ್ಗುಲಿಗೆ, ಒಂದೇ ಉದ್ದಕ್ಕೆ. ಭೂತಗನ್ನಡಿ ಕೆಳಗಿಟ್ಟ.

"ಬೇಡ," ಅಂದ.

"ಬೇಡ ಅಂದ್ರೆ ಬೇಡ, ಅದಕ್ಕೇನಂತೆ," ಅಂದ್ರು ನರ್ಸು. "ಮೊದಲು ನೀವು ಕೂತ್ಕೊಳಿ. ಮುಖ ಸುಣ್ಣ ಬಳಿದ ಹಾಗಾಗಿದೆ." ಅವನ ಮಣಿಕಟ್ಟು ಹಿಡಿದು ಗೋಡೆ ಗಡಿಯಾರ ನೋಡ್ತಾ ನಾಡಿ ಲೆಕ್ಕ ಹಾಕಿದ್ರು. ನೀರು ಕುಡಿಸಿದ್ರು. ನನ್ನ ಕಡೆ ನೋಡಿ, "ಸ್ವಲ್ಪ ಗಮನ ಇಟ್ಟಿರಿ," ಅಂತ ಹೇಳಿ, ನಾಣ್ಯ ಕರ್ಚೀಫಲ್ಲಿ ಸುತ್ಕೊಂಡು ಹೋದ್ರು.

ನಾನು ಆ ಕಡೆ ಹೋಗಿ, "ಏನೋ ಆಯ್ತು ನಿನಗೆ?" ಅಂದೆ.

"ಅಕ್ಕ, ಗುರುಗಳ ನಾಣ್ಯ ಖೋಟಾ."

ಮೊದಲು ನನಗೆ ನಗುನೇ ಬಂತು. ದೀಪದ ಬುಡದಲ್ಲೇ ಕತ್ತಲೆ ಅಂತ ಏನೋ ಹಾಸ್ಯ ಮಾಡೋಕೂ ಹೊರಟೆ. ಅವನ ಕಣ್ಣು ನೋಡಿ ಮಾತು ನುಂಗ್ಕೊಂಡೆ.

"ಒಳ್ಳೇ ಬೆಳ್ಳಿ ಬಿಲ್ಲೆ ಮೇಲೆ ಒತ್ತಿರೋದು ಅಕ್ಕ, ಎರಕದ್ದಲ್ಲ. ಅದಕ್ಕೇ ತೂಕ ಸರಿ, ಅಂಚು ಸರಿ. ಯಾವುದೋ ಒಂದು ಅಸಲಿ ನಾಣ್ಯಕ್ಕೆ ಚಾಕು ತಾಗಿದೆ. ಅದರಿಂದ ಅಚ್ಚು ತೆಗೆದು ಇವನ್ನೆಲ್ಲ ಮಾಡಿದಾರೆ. ಪಾಪ, ಗುರುಗಳೂ ಮುಟ್ಟಿ ನೋಡಿಲ್ಲ, ನಾನೂ ಮುಟ್ಟಿ ನೋಡಿಲ್ಲ. ಮುಟ್ಟಬಾರದು ಅಂತ ಅವರು ಕಲಿಸಿದ್ರು, ನಾನು ಊರಿಗೆಲ್ಲ ಕಲಿಸಿದೆ." ಅವನು ಬೆರಳು ಮಡಚ್ತಾ ಹೋದ. "ಇಲ್ಲಿವರೆಗೆ ಹನ್ನೊಂದು ಹಡಗಿನ ನಾಣ್ಯ ನೋಡಿದೀನಿ. ಏಳಕ್ಕೆ ಗೀರಿತ್ತು, ಸರಿ ಅಂದೆ. ಏಳೂ ಖೋಟಾ. ನಿಮ್ಮ ಪ್ರೆಸ್ ಮಾಲೀಕರು ಗಾಜಿನ ಪೆಟ್ಟಿಗೇಲಿ ಇಟ್ಕೊಂಡು ಮೆರೀತಾರಲ್ಲ, ಅದೂ ಖೋಟಾ. ಮಿಕ್ಕ ನಾಲ್ಕಕ್ಕೆ ಗೀರಿರ್ಲಿಲ್ಲ, ಬೇಡ ಅಂದೆ."

ನಾಲ್ಕು ಅಂದ ತಕ್ಷಣ ನಾನು ಮಧ್ಯೆ ಬಾಯಿ ಹಾಕಿದೆ.

"ಆ ನಾಲ್ಕರಲ್ಲಿ ನಮ್ಮನೆಯವರದ್ದು?"

ಅವನು ತಲೆ ಎತ್ತಲಿಲ್ಲ. "ಭಾವನದ್ದು ತೂಕ ಸರಿಯಾಗಿತ್ತು ಅಕ್ಕ. ಅಂಚೂ ಸರಿಯಾಗಿತ್ತು. ಅಕ್ಷರಗಳಂತೂ ನನ್ನ ಮಾದರಿಗಿಂತ ಚೂಪಾಗಿದ್ವು. ಗುರುಗಳ ನಾಣ್ಯಕ್ಕಿಂತ ಚೆನ್ನಾಗಿದೆ ಅಂದ್ರೆ ಏನೋ ಮೋಸ ಇದೆ ಅಂದ್ಕೊಂಡೆ. ಗೀರು ಬೇರೆ ಇರ್ಲಿಲ್ಲ. ಬೇಡ ಅಂದೆ."

ಗಿರಾಕಿ ಸ್ಟೂಲ್ ಮೇಲೆ ಕೂತುಬಿಟ್ಟೆ. ಇಪ್ಪತ್ತೆರಡು ವರ್ಷ ನನ್ನ ಗಂಡ ಬೀದೀಲಿ ತಲೆ ತಗ್ಗಿಸಿ ನಡೆದಿದ್ದು ಇಷ್ಟಕ್ಕಾ? ಒಂದು ಉಗುರು ತಾಗಿಸಿ ನೋಡದೆ ಹೋಗಿದ್ದಕ್ಕಾ? ಆಮೇಲೆ ನನ್ನ ಬಾಯಿ ಬಿಚ್ಚಿತು. ಬೆಪ್ಪೇ ಅಂದೆ, ಕಣ್ಣಿದ್ದೂ ಕುರುಡ ಅಂದೆ, ನಿನ್ನ ತಕ್ಕಡೀನ ಚರಂಡಿಗೆ ಎಸಿ ಅಂದೆ. ಬ್ಯಾಟರಿ ಹಾಕಿಸೋಕೆ ಬಂದಿದ್ದ ಒಬ್ಬರು ಬಾಗಿಲಿಂದ್ಲೇ ವಾಪಸ್ ಹೋದ್ರು. ತಮ್ಮ ಎಲ್ಲಾ ಕೇಳಿಸ್ಕೊಂಡ. ಕೇಳಿಸ್ಕೊಂಡು, "ಬೈದದ್ದಾಯ್ತಾ? ನಡಿ, ಭಾವನ ಹತ್ರ ಹೋಗೋಣ," ಅಂತ ಷಟರ್ ಎಳೆದ.

ಪ್ರೆಸ್ಸಿಗೆ ಹತ್ತು ನಿಮಿಷದ ದಾರಿ. ದಾರಿ ತುಂಬ ನನಗೆ ಒಂದೇ ಯೋಚನೆ: ಆ ನಾಣ್ಯ ಈಗ ಎಲ್ಲಿದೆ? ಅದು ಸಿಕ್ಕಿದ್ರೆ ಸಾಕು. ತಮ್ಮ ಅದನ್ನ ಹಿಡಿದು ಮಾಲೀಕರ ಮುಂದೆ, ಹಾಲಿನವನ ಮುಂದೆ, ಬೀದಿ ಬೀದೀಲಿ ಸರಿ ಸರಿ ಅಂತ ಕೂಗಿಕೊಂಡು ಬರ್ಲಿ. ನನ್ನ ಗಂಡನ ಹೆಸರು ತೊಳೆದು ಹೋಗ್ಲಿ. ಅವರು ಅದನ್ನ ಯಾವತ್ತೋ ಎಸೆದಿರ್ತಾರೆ ಅನ್ನೋ ಹೆದರಿಕೆಗೆ ನನ್ನ ಕಾಲು ಓಡ್ತಾ ಇತ್ತು.

ಬೈಂಡಿಂಗ್ ಕೋಣೆಯಲ್ಲಿ ಅಂಟು ಕುದಿಸಿದ ವಾಸನೆ. ನಮ್ಮನೆಯವರು ಒಬ್ಬರೇ ಇದ್ರು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನ ಮಡಿಸಿ ಫಾರಂ ಮಾಡ್ತಾ ಇದ್ರು: ಹಾಳೆ ಎಳೆಯೋದು, ಮಡಿಸೋದು, ಮಡಿಕೆ ಮೇಲೆ ಏನೋ ಒಂದು ಬಿಲ್ಲೆ ಇಟ್ಟು ಸರ್ ಅಂತ ಉಜ್ಜೋದು. ನಮ್ಮಿಬ್ಬರನ್ನ ಒಟ್ಟಿಗೆ ನೋಡಿ ಗಾಬರಿ ಆದ್ರು. "ಯಾಕೆ, ಯಾರಿಗೇನಾಯ್ತು?"

ತಮ್ಮ ನಿಂತಲ್ಲೇ ಎಲ್ಲಾ ಹೇಳ್ದ. ಗುರುಗಳ ನಾಣ್ಯ, ಗೀರು, ನರ್ಸಿನ ಉಗುರು, ಏಳು, ನಾಲ್ಕು. ಒಂದು ಮಾತೂ ಬಚ್ಚಿಡಲಿಲ್ಲ. "ನಿಮ್ಮ ತಾಯಿ ಕೊಟ್ಟ ನಾಣ್ಯಾನ ನಾನು ತಪ್ಪು ನೋಡ್ದೆ ಭಾವ. ಅದಿದ್ರೆ ಕೊಡಿ. ಇನ್ನೊಂದು ಸಲ ನೋಡಿ, ಎಲ್ಲರ ಎದುರಿಗೂ ಹೇಳ್ತೀನಿ."

ನಮ್ಮನೆಯವರು ಮಡಿಸ್ತಿದ್ದ ಹಾಳೆ ಪಕ್ಕಕ್ಕಿಟ್ರು. ಆಮೇಲೆ ಕೈಲಿದ್ದ ಬಿಲ್ಲೇನ ಅವನ ಅಂಗೈಗೆ ಹಾಕಿದ್ರು.

ಅದೇ. ಹಡಗಿನ ನಾಣ್ಯ. ಹಡಗಿಲ್ಲ, ಹಾಯಿ ಇಲ್ಲ, ದೊರೆ ಇಲ್ಲ, ಒಂದಕ್ಷರ ಇಲ್ಲ. ಎರಡೂ ಕಡೆ ನುಣ್ಣಗೆ ಸವೆದು, ಅರ್ಧ ತೆಳ್ಳಗಾಗಿ, ಕನ್ನಡಿ ಹಾಗೆ ಹೊಳೀತಾ ಇತ್ತು. ನನ್ನ ಬಾಯಿಂದ ಅಯ್ಯೋ ಅನ್ನೋದು ಜೋರಾಗೇ ಬಂತು.

"ಏನ್ರೀ ಮಾಡಿದ್ರಿ ಇದನ್ನ!"

"ಎಲ್ಲರೂ ಖೋಟಾ ಅಂದ್ಮೇಲೆ ಇನ್ನೇನು ಮಾಡೋದು? ಕೆಲಸಕ್ಕಾದ್ರೂ ಬರ್ಲಿ ಅಂತ ಇಟ್ಕೊಂಡೆ. ಮಡಿಕೆ ಉಜ್ಜೋಕೆ ಅಂತ ಅಂಗಡೀಲಿ ಸಿಗೋ ಪಟ್ಟಿಗಿಂತ ಚೆನ್ನಾಗಿ ಉಜ್ಜುತ್ತೆ."

ತಮ್ಮ ಕಿಟಕಿ ಹತ್ರ ಹೋಗಿ ತಿರುಗಿಸಿ ತಿರುಗಿಸಿ ನೋಡ್ದ. ಉಗುರು ಎಳೆದು ನೋಡ್ದ. ಅಂಚಲ್ಲಿ ಒಂದು ಕಡೆ ನಾಲ್ಕು ಗೀಟು ಉಳಿದಿದ್ವು, ಅಷ್ಟೇ. ಒಳ್ಳೇ ಬೆಳ್ಳಿ ಅಂತ ಹೇಳಬಹುದು, ಅದಕ್ಕಿಂತ ಹೆಚ್ಚಿಗೆ ಆ ದೇವರೂ ಹೇಳೋಕಾಗಲ್ಲ. ಇವನು ಸರಿನೂ ಅನ್ನಲಿಲ್ಲ, ಬೇಡಾನೂ ಅನ್ನಲಿಲ್ಲ. "ಹೇಳೋಕಾಗ್ತಿಲ್ಲ ಭಾವ," ಅಂದ. ಐವತ್ತು ದಾಟಿದ ಗಂಡಸು, ಕಿಟಕಿ ಸರಳು ಹಿಡ್ಕೊಂಡು ಗಳಗಳ ಅತ್ತುಬಿಟ್ಟ.

"ಬಿಡಪ್ಪಾ, ಬಾ, ಕೂತ್ಕೋ," ಅಂದ್ರು ನಮ್ಮನೆಯವರು. ಕಾಗದದ ಕಟ್ಟು ಸರಿಸಿ ಜಾಗ ಮಾಡಿಕೊಟ್ರು. "ನನಗೆ ಯಾವತ್ತೂ ಅನುಮಾನ ಇರ್ಲಿಲ್ಲ. ನಮ್ಮಮ್ಮ ಸುಳ್ಳು ಹೇಳೋಳಲ್ಲ. ನೀನು ಮೊದಲು ಆ ಏಳು ಜನರಿಗೆ ಹೋಗಿ ಹೇಳು. ನಿನ್ನ ಮಾತು ನಂಬಿ ತಗೊಂಡಿದಾರೆ. ನಮ್ಮ ಮಾಲೀಕರಿಗೂ ಹೇಳು, ಮೆಲ್ಲಗೆ ಹೇಳು."

ಮೆಲ್ಲಗಂತೆ! ನನಗೆ ಮೈ ಉರಿದುಹೋಯ್ತು. ಇಪ್ಪತ್ತೆರಡು ವರ್ಷದ ಸಿಟ್ಟು ಎಲ್ಲಿಗೆ ಹೋಗ್ಬೇಕು? ಮತ್ತೆ ತಮ್ಮನ ಮೇಲೆ ಹರಿಹಾಯ್ದೆ. "ನಿನ್ನಿಂದ ನಮ್ಮ ಬಾಳು ಹಾಳಾಯ್ತಲ್ಲೋ. ಒಡಹುಟ್ಟಿದ ಅಕ್ಕನ ಗಂಡ ಅಂತಾದ್ರೂ ಇನ್ನೊಂದು ಸಲ ನೋಡಬಾರದಾಗಿತ್ತಾ? ಇಂಥ ಮನುಷ್ಯನ್ನ ಖೋಟಾ ಮಾಡಿಬಿಟ್ಟೆಯಲ್ಲೋ ಪಾಪಿ!"

"ಅವನನ್ನ ಬೈಬೇಡ ಕಣೇ," ಅಂದ್ರು ಅವರು.

"ಯಾಕೆ ಬೈಬಾರದು? ಮಾಡಿದ್ದು ಇವನೇ ತಾನೆ?"

"ಅವನು ನಾಣ್ಯ ನೋಡಿ ಹೇಳ್ದ. ಕಣ್ಣು ತಪ್ತು, ಯಾರಿಗಾದ್ರೂ ತಪ್ಪುತ್ತೆ." ದನಿ ಏರಿಸಲಿಲ್ಲ, ಸಿಟ್ಟೂ ಇರ್ಲಿಲ್ಲ. "ನೀನು ನಾಣ್ಯಾನೇ ನೋಡ್ಲಿಲ್ಲ. ನನ್ನನ್ನ ನೋಡಿ ಹೇಳ್ದೆ."

ನಾನು ಇಷ್ಟು ಹೊತ್ತು ನಿಮಗೂ ಹೇಳದೆ ಬಿಟ್ಟ ಮಾತು ಅದು. ನನ್ನ ಮನಸ್ಸಿಗೇ ಹೇಳ್ಕೊಂಡಿರ್ಲಿಲ್ಲ. ತಮ್ಮ ಬೇಡ ಅಂದ ಆವತ್ತು ಸಂಜೆ ಅವರು ಸೀದಾ ಅಡುಗೆಮನೆಗೆ ಬಂದು, ಒಲೆ ಹತ್ರ ನಿಂತು ಅಂಗೈ ಬಿಚ್ಚಿ, "ನೀನೇ ಒಂದು ಸಲ ನೋಡು," ಅಂದಿದ್ರು. ನಾನು ಅಂಗೈ ಕಡೆ ನೋಡದೆ, ಅವರ ಮುಖಾನೇ ನೋಡಿ, "ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ? ಗೊತ್ತಿದ್ದೇ ನನ್ನ ತಮ್ಮನ ಬಾಯಲ್ಲಿ ಸುಳ್ಳು ಹೇಳ್ಸೋಕೆ ಹೋದ್ರಿ, ಅಲ್ವಾ?" ಅಂದಿದ್ದೆ. ಅವರು ಮುಷ್ಟಿ ಮುಚ್ಕೊಂಡು ಹೊರಗೆ ಹೋಗಿದ್ರು. ಬೀದಿಯವರು ಖೋಟಾ ಭಾವ ಅನ್ನೋಕೆ ಶುರು ಮಾಡಿದ್ದು ಅದಾದ್ಮೇಲೆ. ಗೇಲಿಗಲ್ಲ, ನಂಬಿ ಮೊದಲು ಅಂದೋಳು ನಾನು.

ತಮ್ಮನ ಹತ್ರ ಹೋಗಿ ಆ ಬಿಲ್ಲೆ ಇಸ್ಕೊಂಡೆ. ಅಂಗೈ ಮೇಲಿಟ್ಕೊಂಡು, "ನೋಡ್ತೀನಿ ರೀ, ಈಗ ನೋಡ್ತೀನಿ," ಅಂದೆ. ಕಣ್ಣು ತುಂಬ್ಕೊಂಡು ಬೆಳ್ಳೀನೂ ಕಾಣ್ತಿರ್ಲಿಲ್ಲ.

"ಈಗ ಅದರಲ್ಲಿ ನೋಡೋಕೆ ಏನಿದೆ?" ಅಂದ್ರು ಅವರು. "ಇಲ್ಲಿ ಕೊಡು, ಇನ್ನೂ ಮುನ್ನೂರು ಫಾರಂ ಮಡಿಸೋದಿದೆ."

ಕೈ ಚಾಚಿದ್ರು. ಕೊಟ್ಟೆ.